‘ಹೊಸ ಪ್ರಭೇದ ಪತ್ತೆ’ ಎಂದು ಅಚ್ಚಿಸುವ ಮುನ್ನ: ಕನ್ನಡ ಪತ್ರಿಕೆಗಳ ಸಂಪಾದಕರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಪಾದಕರೇ, ವಿಜ್ಞಾನ ಪುಟ ನೋಡಿಕೊಳ್ಳುವ ಮಿತ್ರರೇ,

ಮೂವತ್ತೊಂದು ವರ್ಷ ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಅಮೆಜಾನ್ ಕಾಡಿನ ಸುದ್ದಿ ಪತ್ರಿಕೆಯಲ್ಲಿ ಎಲ್ಲಿ ಕಂಡರೂ ಕತ್ತರಿಸಿ ಫೈಲಿಗೆ ಸೇರಿಸುವುದು ನನ್ನ ಹಳೆಯ ಅಭ್ಯಾಸ. ಆ ಫೈಲು ಈಗ ದಪ್ಪವಾಗಿದೆ. ಅದನ್ನು ಮುಂದಿಟ್ಟುಕೊಂಡೇ ಈ ಪತ್ರ ಬರೆಯುತ್ತಿದ್ದೇನೆ.

ಫೈಲಿನಲ್ಲಿರುವ ತುಣುಕುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ‘ಅಮೆಜಾನ್ ಕಾಡಿನಲ್ಲಿ ಹೊಸ ಕಪ್ಪೆ ಪತ್ತೆ’, ‘ವಿಚಿತ್ರ ತಲೆಯ ಮೀನು ಪತ್ತೆ’, ‘ಹೊಸ ಮಂಗ ಪತ್ತೆ’. ಒಂದು ಬಣ್ಣದ ಚಿತ್ರ, ಆರೇಳು ಸಾಲು, ಕೊನೆಗೆ ‘ಎಂದು ವಿಜ್ಞಾನಿಗಳು ತಿಳಿಸಿದ್ದಾರೆ’. ಒಮ್ಮೆ ನಮ್ಮ ಬೀದಿಯ ಪಿಯುಸಿ ಓದುವ ಹುಡುಗಿ ಇಂಥದೊಂದು ತುಣುಕನ್ನು ತಂದು ತೋರಿಸಿ ಕೇಳಿದಳು: “ಸರ್, ಈ ಮೀನು ಈಗ ತಾನೇ ಹುಟ್ಟಿಕೊಂಡಿತೇ? ಇಷ್ಟು ವರ್ಷ ಎಲ್ಲಿತ್ತು?” ಅವಳು ಜಾಣೆ. ಆ ಸುದ್ದಿಯನ್ನು ಮತ್ತೆ ಮತ್ತೆ ಓದಿ ನೋಡಿದೆ. ನಿಜ, ಅದರಲ್ಲಿ ಅವಳ ಪ್ರಶ್ನೆಗೆ ಉತ್ತರವೇ ಇರಲಿಲ್ಲ.

ಅದು ಪೆರು ದೇಶದ ಆಲ್ಟೊ ಮಾಯೊ ಪ್ರದೇಶದ ಸುದ್ದಿ. ಆಂಡೀಸ್ ಬೆಟ್ಟಸಾಲು ಇಳಿದು ಅಮೆಜಾನ್ ಬಯಲು ಸೇರುವ ಕಡೆಯ ನದೀಕಣಿವೆ ಅದು. 2022ರಲ್ಲಿ ವಿಜ್ಞಾನಿಗಳು ಮತ್ತು ಸ್ಥಳೀಯರು ಸೇರಿ 38 ದಿನ ಅಲ್ಲಿ ಸಮೀಕ್ಷೆ ಮಾಡಿದರು. ವಿಜ್ಞಾನಕ್ಕೆ ಹೊಸದಾದ 27 ಜೀವಿಗಳು ಸಿಕ್ಕಿವೆ ಎಂಬ ಸುದ್ದಿ ಹೊರಬಿದ್ದದ್ದು 2024ರ ಡಿಸೆಂಬರಿನಲ್ಲಿ. ಬೆರಳುಗಳ ನಡುವೆ ಜಾಲಪೊರೆಯಿರುವ, ನೀರಿನಲ್ಲಿ ಈಜುವ ಇಲಿಯೊಂದು ಅದರಲ್ಲಿತ್ತು. ಮೂತಿಯ ಮೇಲೆ ಊದಿಕೊಂಡ ಗುಬುಟಿರುವ ಮೀನೂ ಇತ್ತು. ಪತ್ರಿಕೆಗಳೆಲ್ಲ ಆ ಮೀನಿನ ಗುಬುಟನ್ನೇ ಹಿಡಿದುಕೊಂಡವು. ಅಲ್ಲಿ ವಾಸಿಸುವ ಅವಹೂನ್ ಜನರಿಗೆ ಆ ಮೀನು ಮೊದಲಿನಿಂದಲೂ ಗೊತ್ತಿತ್ತು ಎಂದು ಸಮೀಕ್ಷೆ ನಡೆಸಿದವರೇ ಹೇಳಿದ್ದರು. ಆ ವಾಕ್ಯ ನನ್ನ ಫೈಲಿನ ತುಣುಕಿನಲ್ಲಿ ಇಲ್ಲ. ಆ ಮೀನಿಗೆ ಅಷ್ಟು ಹೊತ್ತಿಗೆ ವೈಜ್ಞಾನಿಕ ಹೆಸರು ಬಿದ್ದಿರಲಿಲ್ಲ ಎಂಬುದೂ ಇಲ್ಲ. ಕುಲ, ಎಂದರೆ ಹತ್ತಿರದ ಸಂಬಂಧವಿರುವ ಪ್ರಭೇದಗಳ ಗುಂಪು, ಯಾವುದೆಂದು ಗುರುತಿಸಿದ್ದರು, ಮುಂದಿನದು ಬಾಕಿಯಿತ್ತು.

ಆ ‘ಮುಂದಿನದು’ ಏನು ಎಂದು ಹೇಳುವುದಕ್ಕಾಗಿಯೇ ನಿಮ್ಮ ಸಮಯ ಕೇಳುತ್ತಿದ್ದೇನೆ.

ಕಾಡಿನಲ್ಲಿ ಒಂದು ಜೀವಿಯನ್ನು ಕಾಣುವುದು ಒಂದು ಕೆಲಸ. ಅದನ್ನು ವಿವರಿಸಿ ಹೆಸರಿಡುವುದು ಬೇರೆಯೇ ಕೆಲಸ. ವಿವರಿಸುವುದೆಂದರೆ ಇದೇ ಕುಲದಲ್ಲಿ ಈವರೆಗೆ ಹೆಸರು ಪಡೆದ ಪ್ರತಿಯೊಂದರ ಜೊತೆಗೂ ಇದನ್ನು ಹೋಲಿಸಿ, ಎಲ್ಲಿ ಬೇರೆಯಾಗುತ್ತದೆ ಎಂದು ತೋರಿಸಿ, ಒಂದು ಮಾದರಿಯನ್ನು ಆಯ್ದು ‘ಈ ಹೆಸರು ಇದಕ್ಕೆ ಸೇರಿದ್ದು’ ಎಂದು ಗುರುತು ಹಾಕಿ, ಯಾರು ಬೇಕಾದರೂ ಬಂದು ನೋಡಬಹುದಾದ ಸಂಗ್ರಹಾಲಯದಲ್ಲಿ ಇಟ್ಟು, ಅಷ್ಟನ್ನೂ ಬರೆದು ಪ್ರಕಟಿಸುವುದು. ಆ ಒಂದು ಮಾದರಿಗೆ ಹೋಲೋಟೈಪ್ ಎನ್ನುತ್ತಾರೆ. ನೂರು ವರ್ಷದ ನಂತರ ಸಂಶಯ ಬಂದರೂ ಅದನ್ನೇ ತೆಗೆದು ನೋಡಬೇಕು. ಮೊದಲ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯಬಹುದು. ಎರಡನೆಯದಕ್ಕೆ ಸರಾಸರಿ 21 ವರ್ಷ ಹಿಡಿಯುತ್ತದೆ ಎಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿ ತೋರಿಸಿತು. ಜಗತ್ತಿನ ಎಲ್ಲ ಬಗೆಯ ಜೀವಿಗಳಿಂದ ಆಯ್ದು ತೆಗೆದ ಸರಾಸರಿ ಇದು. ಮಾದರಿ ಸಂಗ್ರಹವಾದ ದಿನದಿಂದ ಹೆಸರು ಅಚ್ಚಾಗುವ ದಿನದವರೆಗೆ ಇಪ್ಪತ್ತೊಂದು ವರ್ಷ ಅದು ಕಪಾಟಿನಲ್ಲಿ ಕಾಯುತ್ತದೆ.

ನಾನು ಸಸ್ಯದ ಮನುಷ್ಯ, ಆದ್ದರಿಂದ ಒಂದು ಮರದ ಕಥೆ ಹೇಳುತ್ತೇನೆ.

ಪೆರುವಿನಲ್ಲಿ ಮನು ಎಂಬ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿನ ಕೋಚ ಕಾಶು ಎಂಬ ಸಂಶೋಧನಾ ಕೇಂದ್ರಕ್ಕೆ ಹೋಗುವ ಕಾಲುದಾರಿಯ ಪಕ್ಕದಲ್ಲಿ ಒಂದು ಚಿಕ್ಕ ಮರ. ಎತ್ತರ ಆರು ಮೀಟರಿನಷ್ಟು. ನಮ್ಮ ಕರಾವಳಿಯಲ್ಲಿ ದೀಪಾವಳಿಗೆ ತೂಗುಹಾಕುವ ಗೂಡುದೀಪವನ್ನು ಉಗುರಿನಷ್ಟು ಚಿಕ್ಕದು ಮಾಡಿದರೆ ಹೇಗೋ ಹಾಗೆ ಅದರ ಕಿತ್ತಳೆ ಬಣ್ಣದ ಹಣ್ಣು. 1973ರಲ್ಲಿ ರಾಬಿನ್ ಫಾಸ್ಟರ್ ಎಂಬ ಸಸ್ಯವಿಜ್ಞಾನಿ ಆ ದಾರಿಯಲ್ಲಿ ನಡೆಯುವಾಗ ಹಣ್ಣು ನೋಡಿ ನಿಂತರು. ಅವರಿಗೆ ಅದು ಯಾವ ಮರ ಎಂದು ಗೊತ್ತಾಗಲಿಲ್ಲ. ರೆಂಬೆ ಕತ್ತರಿಸಿಕೊಂಡು ಬಂದರು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಈ ಕೆಲಸದಲ್ಲಿ ನಿಮ್ಮ ಪಾಲೂ ಇದೆ. ಗಿಡ ಒಣಗಿಸಲು ಇಂದಿಗೂ ಜಗತ್ತಿನಾದ್ಯಂತ ಬಳಸುವುದು ಹಳೆಯ ಪತ್ರಿಕೆಯನ್ನೇ. ಹೂವೋ ಹಣ್ಣೋ ಇರುವ ರೆಂಬೆಯನ್ನು ಹಾಳೆಯ ಮಡಿಕೆಯೊಳಗೆ ಹರವಬೇಕು. ಒಂದೆರಡು ಎಲೆಯನ್ನು ಮಗುಚಿಡಬೇಕು, ಬೆನ್ನಿನ ನರಗಳೂ ರೋಮಗಳೂ ಕಾಣಬೇಕಲ್ಲ. ಹೀಗೆ ಜೋಡಿಸಿದ ಕಟ್ಟನ್ನು ಮರದ ಪಟ್ಟಿಗಳ ಚೌಕಟ್ಟಿನ ನಡುವೆ ಇಟ್ಟು ಮೊಣಕಾಲೂರಿ ಹಗ್ಗ ಬಿಗಿಯಬೇಕು. ನಮ್ಮಲ್ಲಿ ದಿನಕ್ಕೊಮ್ಮೆ ಹಾಳೆ ಬದಲಿಸಿದರೆ ವಾರದಲ್ಲಿ ಒಣಗುತ್ತದೆ. ಮಳೆಕಾಡಿನಲ್ಲಿ ಒಂದೆರಡು ರಾತ್ರಿಗೇ ಬೂಷ್ಟು ಹಿಡಿಯುತ್ತದೆ. ಅದಕ್ಕಾಗಿ ಕಟ್ಟನ್ನು ಹಾಗೆಯೇ ಪ್ಲಾಸ್ಟಿಕ್ ಚೀಲಕ್ಕಿಳಿಸಿ, ಆಲ್ಕೋಹಾಲ್ ಸುರಿದು, ಬಾಯಿ ಬಿಗಿದು ದೋಣಿಯಲ್ಲಿ ಊರಿಗೆ ತರುತ್ತಾರೆ. ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲೇ ಬರೆಯಬೇಕು, ಶಾಯಿಯಾದರೆ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ. ಯಾವ ಊರು, ಯಾವ ದಿನ, ಎಷ್ಟೆತ್ತರದ ಮರ, ಹೂವಿನ ಬಣ್ಣ ಯಾವುದು. ಬಣ್ಣವನ್ನಂತೂ ಅಲ್ಲೇ ಬರೆದುಕೊಳ್ಳಬೇಕು, ಒಣಗಿದ ಮೇಲೆ ಎಲ್ಲ ಹೂವೂ ಕಂದು. ನಾನು ಮೂವತ್ತೊಂದು ವರ್ಷ ಮಕ್ಕಳಿಗೆ ಈ ಪಾಠ ಮಾಡಿದ್ದೇನೆ. ನಿಮ್ಮ ಪತ್ರಿಕೆಗಳ ನಡುವೆ ಸಾವಿರಾರು ಗಿಡ ಒಣಗಿಸಿದ್ದೇನೆ.

ಫಾಸ್ಟರ್ ತಂದ ರೆಂಬೆ ಷಿಕಾಗೋದ ಫೀಲ್ಡ್ ಮ್ಯೂಸಿಯಂ ಸೇರಿತು. ಯಾವ ಕುಲ ಎಂಬುದಿರಲಿ, ಹಲವು ಕುಲಗಳನ್ನು ಒಳಗೊಂಡ ದೊಡ್ಡ ಗುಂಪಾದ ಕುಟುಂಬ ಯಾವುದು ಎಂಬುದೇ ಯಾರಿಗೂ ಹೊಳೆಯಲಿಲ್ಲ. ಕಡಲೆಯೋ ಅವರೆಯೋ ಎಂಬ ಗೊಂದಲ ಬಂದರೂ ಎರಡೂ ಒಂದೇ ಕುಟುಂಬದ ಗಿಡ ಎಂದು ಪಿಯುಸಿ ಹುಡುಗರೂ ಹೇಳುತ್ತಾರೆ. ಇಲ್ಲಿ ಜಗತ್ತಿನ ಅನುಭವಿ ಸಸ್ಯವಿಜ್ಞಾನಿಗಳು ಆ ಮಟ್ಟದಲ್ಲೇ ಸೋತರು. ಅದೇ ಮ್ಯೂಸಿಯಂನ ನ್ಯಾನ್ಸಿ ಹೆನ್ಸೋಲ್ಡ್ ಆ ಹಾಳೆಯ ಹಿಂದೆ ಬಿದ್ದರು. ಒಣಗಿದ ಎಲೆಯಿಂದ ಡಿಎನ್‌ಎ ತೆಗೆಯಲು ನೋಡಿದರು, ಆಗಲಿಲ್ಲ. ಕೊನೆಗೆ ಮನು ಉದ್ಯಾನದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಪೆರುವಿನ ವಿಜ್ಞಾನಿ ಪ್ಯಾಟ್ರೀಷಿಯಾ ಆಲ್ವಾರೆಸ್-ಲೋಆಯ್ಸಾ ಹೊಸದಾಗಿ ಮಾದರಿ ಒದಗಿಸಿದರು. ಡಿಎನ್‌ಎ ಪರೀಕ್ಷೆ ಪಿಕ್ರಾಮ್ನಿಯೇಸಿ ಎಂಬ ಚಿಕ್ಕ ಕುಟುಂಬದತ್ತ ಕೈ ತೋರಿಸಿತು. ಮಾದರಿ ನ್ಯೂಯಾರ್ಕಿನಲ್ಲಿರುವ ಆ ಕುಟುಂಬದ ತಜ್ಞರ ಕೈಗೆ ಹೋಯಿತು. ಪೊಟ್ಟಣ ಬಿಚ್ಚಿದ ಅವರಿಗೂ ಮೊದಲ ನೋಟಕ್ಕೆ ಇದು ತಮ್ಮ ಕುಟುಂಬದ್ದೆನಿಸಲಿಲ್ಲ. ಎರಡು ಮೂರು ಮಿಲಿಮೀಟರಿನ ಹೂಗಳನ್ನು ಬಿಡಿಸಿ ನೋಡಿದ ಮೇಲೆ ಒಪ್ಪಿದರು. 2021ರಲ್ಲಿ ಹೆಸರು ಅಚ್ಚಾಯಿತು: ಎನಿಗ್ಮಾನು ಅಲ್ವರೇಜಿಯೇ. ಮನುವಿನ ಒಗಟು ಎಂಬುದು ಕುಲದ ಹೆಸರು. ಮಾದರಿ ಒದಗಿಸಿದ ಪ್ಯಾಟ್ರೀಷಿಯಾ ಅವರ ಗೌರವಕ್ಕೆ ಪ್ರಭೇದದ ಹೆಸರು.

ನಲವತ್ತೆಂಟು ವರ್ಷ. ಈ ಸುದ್ದಿಯಲ್ಲಿ ‘ಪತ್ತೆ’ ಯಾವ ದಿನ ಆಯಿತು, ಹೇಳಿ? ನಮ್ಮ ವರದಿಗಳು 2021 ಎನ್ನುತ್ತವೆ. ಹೆನ್ಸೋಲ್ಡ್ ಆ ಹಾಳೆಯನ್ನು ಕಪಾಟಿನಿಂದ ತೆಗೆದು, ನೋಡಿ, ಸೋತು, ಮತ್ತೆ ಒಳಗಿಟ್ಟ ದಿನಗಳಿಗೆ ಆ ಲೆಕ್ಕದಲ್ಲಿ ಜಾಗವಿಲ್ಲ.

ಬ್ರೆಜಿಲಿನ ಇನ್ನೊಂದು ಮರ ನನಗೆ ಇದಕ್ಕಿಂತಲೂ ಪ್ರಿಯ. 1982ರಲ್ಲಿ ಮನೌಸ್ ನಗರದ ರಾಷ್ಟ್ರೀಯ ಅಮೆಜಾನ್ ಸಂಶೋಧನಾ ಸಂಸ್ಥೆಯವರು ಮಡೈರಾ ನದಿಯ ಪ್ರದೇಶದಲ್ಲಿ ಸಮೀಕ್ಷೆ ಮಾಡುತ್ತಿದ್ದಾಗ ಒಂದು ಮರ ಕಂಡರು. ಅದರ ಒಂದೊಂದು ಎಲೆಯೂ ಎರಡೂವರೆ ಮೀಟರ್ ಉದ್ದ ಬೆಳೆಯುತ್ತದೆ. ಎತ್ತರದ ಮನುಷ್ಯ ಅದರ ಹಿಂದೆ ನಿಂತರೆ ತಲೆಯೂ ಕಾಣದು. ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಕಾಪಾಡುವ ಸಂಗ್ರಹಕ್ಕೆ ಹರ್ಬೇರಿಯಂ ಎನ್ನುತ್ತಾರೆ. ಹರ್ಬೇರಿಯಂ ಹಾಳೆಯ ಉದ್ದ ನಲವತ್ತು ಸೆಂಟಿಮೀಟರಿನ ಆಸುಪಾಸು. ಅದಕ್ಕೆ ಈ ಎಲೆಯನ್ನು ಅಂಟಿಸುವುದು ಹೇಗೆ? ಅಂಟಿಸಿದರೂ ಎಲೆಯೊಂದರಿಂದ ಹೆಸರಿಡಲಾಗದು, ಹೂ ಬೇಕು, ಹಣ್ಣು ಬೇಕು. ಅವರು ಹೋದಾಗಲೆಲ್ಲ ಮರದಲ್ಲಿ ಬೇಕಾದದ್ದು ಇರಲಿಲ್ಲ. 2005ರಲ್ಲಿ ರೊಂಡೋನಿಯಾ ರಾಜ್ಯದ ಜಮಾರಿ ರಾಷ್ಟ್ರೀಯ ಅರಣ್ಯದಲ್ಲಿ ಬೀಜ ಸಿಕ್ಕಿತು. ತಂದು ಸಂಸ್ಥೆಯ ಆವರಣದಲ್ಲಿ ಬಿತ್ತಿದರು. ಸಸಿ ಮರವಾಗಿ ಹೂಬಿಟ್ಟು ಹಣ್ಣು ಕೊಟ್ಟದ್ದು 2018ರಲ್ಲಿ, ಹದಿಮೂರು ವರ್ಷದ ನಂತರ. 2019ರಲ್ಲಿ ಕೊಕೊಲೊಬಾ ಜೈಗ್ಯಾಂಟಿಫೋಲಿಯಾ ಎಂಬ ಹೆಸರು ಪ್ರಕಟವಾಯಿತು. ಹೆಸರಿಟ್ಟವರಲ್ಲಿ ಕಾರ್ಲೋಸ್ ಆಲ್ಬರ್ಟೊ ಸಿಡ್ ಫೆರೇರಾ ಮತ್ತು ರೊಜೇರಿಯೊ ಗ್ರಿಬೆಲ್ ಇದ್ದಾರೆ. ಬೀಜ ನೆಟ್ಟು ಹೂವಿಗಾಗಿ ಹದಿಮೂರು ವರ್ಷ ಕಾಯುವ ಕೆಲಸಕ್ಕೆ ಹಣ ಕೊಡಿ ಎಂದು ಯಾವ ಸಮಿತಿಯ ಮುಂದೆ ನಿಂತು ಕೇಳುವುದು? ಸಂಸ್ಥೆಯೊಂದು ದಶಕಗಟ್ಟಲೆ ಒಂದೇ ಕಡೆ ಗಟ್ಟಿಯಾಗಿ ನಿಂತಿದ್ದರಿಂದ ಮಾತ್ರ ಇದು ಸಾಧ್ಯವಾಯಿತು. ಅಷ್ಟರಲ್ಲಿ ರೊಂಡೋನಿಯಾದ ಕಾಡು ಹುಲ್ಲುಗಾವಲಿಗಾಗಿ ಹರಿದು ಚಿಂದಿಯಾಗಿತ್ತು. ಹೆಸರು ಪಡೆದ ಲೇಖನದಲ್ಲೇ ಈ ಮರ ಅಳಿವಿನಂಚಿನದು ಎಂದು ಬರೆಯಬೇಕಾಯಿತು.

ನಮ್ಮ ಸುದ್ದಿಯಲ್ಲಿ ಬಂದದ್ದು ಎಲೆಯ ಅಳತೆ ಮಾತ್ರ. ಅಳತೆಯೂ ಬೇಕು, ಬೇಡ ಎನ್ನುವುದಿಲ್ಲ. ಆದರೆ 1982 ಎಂಬ ಇಸವಿಯೊಂದನ್ನು ಅದರ ಪಕ್ಕದಲ್ಲಿ ಅಚ್ಚು ಮಾಡಿದ್ದರೆ ಓದುಗನ ಎದೆಗೆ ಬೇರೆ ರೀತಿಯಲ್ಲಿ ತಾಗುತ್ತಿತ್ತು.

ಬೊಲಿವಿಯಾದ ದೈತ್ಯ ನೈದಿಲೆಯದೂ ಇಂಥದೇ ಕಥೆ. ಅದರ ಒಣಗಿದ ಮಾದರಿ ಲಂಡನ್ನಿನ ಕ್ಯೂ ಉದ್ಯಾನದ ಹರ್ಬೇರಿಯಂನಲ್ಲಿ 177 ವರ್ಷ ಬೇರೆ ಪ್ರಭೇದದ ಹೆಸರಿನಲ್ಲಿ ಮಲಗಿತ್ತು. ಬೊಲಿವಿಯಾದ ಉದ್ಯಾನಗಳು 2016ರಲ್ಲಿ ಬೀಜ ಕಳುಹಿಸಿಕೊಟ್ಟವು. ಕ್ಯೂದಲ್ಲಿ ಅದನ್ನು ಅಕ್ಕನೂ ತಂಗಿಯೂ ಆದ ಇನ್ನೆರಡು ಪ್ರಭೇದಗಳ ಪಕ್ಕದಲ್ಲೇ ಬೆಳೆಸಿದರು. ಆಗ ವ್ಯತ್ಯಾಸ ಕಣ್ಣಿಗೆ ಹೊಡೆಯಿತು. 2022ರಲ್ಲಿ ವಿಕ್ಟೋರಿಯಾ ಬೊಲಿವಿಯಾನಾ ಎಂದು ಹೆಸರಾಯಿತು. ಹೆಸರಿಟ್ಟವರಲ್ಲಿ ಲೂಸಿ ಸ್ಮಿತ್ ಎಂಬ ಚಿತ್ರಕಲಾವಿದೆಯೂ ಒಬ್ಬರು. ಆ ಹೂ ಅರಳುವುದು ರಾತ್ರಿ. ರಾತ್ರಿಯಲ್ಲೇ ಗಾಜಿನ ಮನೆಗೆ ಹೋಗಿ ಕುಳಿತು ಅವರು ಅದನ್ನು ಬರೆದರು. ಮುಳ್ಳು ಎಲ್ಲಿದೆ, ಎಲ್ಲಿಲ್ಲ, ಬೀಜದ ಆಕಾರ ಏನು ಎಂದು ಪ್ರತಿಯೊಂದನ್ನೂ ಕೈಯಿಂದ ಬರೆಯುವವರ ಕಣ್ಣಿಗೆ ಬೀಳುವುದು ಕ್ಯಾಮೆರಾದ ಕಣ್ಣಿಗೆ ಬೀಳುವುದಿಲ್ಲ. ಸಸ್ಯಶಾಸ್ತ್ರದ ಪ್ರಾಯೋಗಿಕ ಪುಸ್ತಕಗಳಲ್ಲಿ ಚಿತ್ರ ಬರೆಯಿಸುವುದನ್ನು ಕೈಬಿಟ್ಟು ಫೋಟೊ ಅಂಟಿಸಲು ಹೇಳುವ ಕಿರಿಯ ಅಧ್ಯಾಪಕರಿಗೂ ಈ ಮಾತು ಮುಟ್ಟಲಿ.

ಪ್ರಾಣಿಗಳ ಕಡೆ ಬಂದರೆ, ವಿದ್ಯುತ್ ಈಲ್ ಮೀನಿಗೆ, ಜೀವಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಹೆಸರಿಟ್ಟದ್ದು 1766ರಲ್ಲಿ. ಇನ್ನೂರೈವತ್ತು ವರ್ಷ ಇಡೀ ಅಮೆಜಾನಿಗೆ ಒಂದೇ ಈಲ್ ಎಂದು ಎಲ್ಲರೂ ನಂಬಿದ್ದರು. ಕಾರ್ಲೋಸ್ ಡೇವಿಡ್ ಡಿ ಸಂಟಾನಾ ಮತ್ತು ಜೊತೆಗಾರರು ಬೇರೆ ಬೇರೆ ಕಡೆಯ 107 ಮೀನುಗಳನ್ನು ಹೋಲಿಸಿ 2019ರಲ್ಲಿ ಮೂರು ಪ್ರಭೇದಗಳೆಂದು ತೋರಿಸಿದರು. ಅದರಲ್ಲೊಂದು 860 ವೋಲ್ಟ್ ಆಘಾತ ಕೊಡುವಂಥದು, ಇದುವರೆಗೆ ಯಾವ ಪ್ರಾಣಿಯಲ್ಲೂ ಅಳೆದಿರದಷ್ಟು. ಪ್ರಪಂಚಕ್ಕೆಲ್ಲ ಗೊತ್ತಿದ್ದ ಪ್ರಾಣಿಯೊಳಗೆ ಎರಡು ಅಪರಿಚಿತ ಪ್ರಾಣಿಗಳಿದ್ದವು.

ಈ ಕಪಾಟುಗಳು ಎಷ್ಟು ಮುಖ್ಯವೋ ಅಷ್ಟೇ ಅನಾಥ. 2018ರ ಸೆಪ್ಟೆಂಬರ್ 2ರ ರಾತ್ರಿ ರಿಯೊ ಡಿ ಜನೈರೊದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಹೊತ್ತಿ ಉರಿಯಿತು. ಸ್ಥಾಪನೆಯಾಗಿ ಇನ್ನೂರು ವರ್ಷ ತುಂಬಿದ ವರ್ಷವದು. ಸುಮಾರು ಎರಡು ಕೋಟಿ ವಸ್ತುಗಳ ಸಂಗ್ರಹ. ಹತ್ತಿರದ ನೀರಿನ ಕೊಳಾಯಿಗಳಲ್ಲಿ ನೀರಿರಲಿಲ್ಲ. ಟ್ಯಾಂಕರಿನಲ್ಲಿ ತರಬೇಕಾಯಿತು. ಅಲ್ಲಿನ ಪ್ರಾಣಿವಿಜ್ಞಾನಿ ಪಾಲೊ ಬುಕಪ್ ಮತ್ತು ಕೆಲವು ಸಹೋದ್ಯೋಗಿಗಳು ಇನ್ನೂ ಬೆಂಕಿ ತಲುಪಿರದ ಭಾಗಕ್ಕೆ ನುಗ್ಗಿದರು. ಹೊರಬರುವಾಗ ಅವರ ಕೈಯಲ್ಲಿದ್ದದ್ದು ಚಿಪ್ಪು ಜೀವಿಗಳ ಕೆಲವು ಸಾವಿರ ಮಾದರಿಗಳು. ಹೆಸರುಗಳಿಗೆ ಆಧಾರವಾದ ಮಾದರಿಗಳನ್ನೇ ಆರಿಸಿ ಉಳಿಸಿಕೊಳ್ಳಲು ಹೆಣಗಿದರು. ಹೊಗೆ ತುಂಬುತ್ತಿರುವ ಕಟ್ಟಡದಲ್ಲಿ ಯಾವ ಡ್ರಾಯರು ಮೊದಲು ಎಂದು ಅವರಿಗೆ ಗೊತ್ತಿತ್ತು. ಕೀಟಗಳ ಸಂಗ್ರಹ ಮಾತ್ರ ಉಳಿಯಲಿಲ್ಲ, ಲಕ್ಷಾಂತರ ಮಾದರಿಗಳು ಬೂದಿಯಾದವು. ಅವುಗಳಲ್ಲಿ ಹೆಸರಿಗಾಗಿ ಕಾಯುತ್ತಿದ್ದವು ಎಷ್ಟು ಎಂದು ಇನ್ನು ಯಾರೂ ಎಣಿಸಲಾರರು. ಕಾಡಿನಲ್ಲಿ ಅಳಿದು, ಕಪಾಟಿನಲ್ಲೂ ಅಳಿದ ಜೀವಿಗೆ ಸಾವೂ ದಾಖಲಾಗುವುದಿಲ್ಲ.

ಬ್ರಿಟಿಷ್ ನಿಸರ್ಗವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ ಅನುಭವಿಸಿದ ನೋವೂ ಇದೇ. 1848ರಲ್ಲಿ ತಮ್ಮಂತೆಯೇ ನಿಸರ್ಗವಿಜ್ಞಾನಿಯಾದ ಹೆನ್ರಿ ವಾಲ್ಟರ್ ಬೇಟ್ಸ್ ಜೊತೆಗೆ ಅಮೆಜಾನಿಗೆ ಬಂದ ಅವರು ನಾಲ್ಕು ವರ್ಷ ಅಲೆದು ಊರಿಗೆ ಮರಳುವಾಗ, 1852ರ ಆಗಸ್ಟಿನಲ್ಲಿ, ಅಟ್ಲಾಂಟಿಕ್ ನಡುವೆ ಹಡಗಿಗೆ ಬೆಂಕಿ ಬಿತ್ತು. ಜೊತೆಗೆ ತರುತ್ತಿದ್ದ ಸಂಗ್ರಹ ಹೋಯಿತು. ಮೀನು ಮತ್ತು ತಾಳೆಮರಗಳ ಚಿತ್ರಗಳನ್ನಿಟ್ಟಿದ್ದ ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು ದೋಣಿಗೆ ಇಳಿದರು. ಬೇಟ್ಸ್ ಮಾತ್ರ ಹನ್ನೊಂದು ವರ್ಷ ಅಲ್ಲೇ ಉಳಿದು 14,712 ಪ್ರಭೇದಗಳನ್ನು ಸಂಗ್ರಹಿಸಿದರು. ಅದರಲ್ಲಿ ಸುಮಾರು 8,000 ವಿಜ್ಞಾನಕ್ಕೆ ಹೊಸವು. ಮಾದರಿಗಳು ಕಾಡಿನ ದೇಶ ಬಿಟ್ಟು ಯೂರೋಪಿಗೆ ಹೋಗುತ್ತಿದ್ದ ಆ ಕಾಲದ ಕಥೆ ಬೇರೆ. ಇಂದು ಬ್ರೆಜಿಲಿನ ಬೆಲೆಮ್ ನಗರದ ಗೋಲ್ಡಿ ಮ್ಯೂಸಿಯಂ ಇದೆ, 1866ರದು. ಮನೌಸ್‌ನ ಸಂಸ್ಥೆ ಇದೆ. ಅಮೆಜಾನಿನ ಜೀವಿಗಳಿಗೆ ಅಮೆಜಾನಿನಲ್ಲೇ ಮನೆಗಳಿವೆ. ಆ ಹೆಸರುಗಳನ್ನು ನಮ್ಮ ಸುದ್ದಿಗಳಲ್ಲಿ ಕಾಣುವುದು ಅಪರೂಪ. ‘ಅಂತರರಾಷ್ಟ್ರೀಯ ತಂಡ’ ಎಂಬ ಒಂದೇ ಪದದಲ್ಲಿ ಎಲ್ಲರನ್ನೂ ಮುಚ್ಚಿಬಿಡುತ್ತೇವೆ.

ಈಗ ನನ್ನ ಮನೆಯ ನೋವು ಹೇಳುತ್ತೇನೆ. ನಾನು ಪಾಠ ಮಾಡಿದ ಕಾಲೇಜಿನಲ್ಲಿ ಎರಡು ಸಾವಿರಕ್ಕೆ ಹತ್ತಿರದಷ್ಟು ಹಾಳೆಗಳ ಹರ್ಬೇರಿಯಂ ಇತ್ತು. ನನಗಿಂತ ಹಿಂದಿನವರು ಘಟ್ಟದ ಮೇಲೆ ಬಸ್ಸಿಲ್ಲದ ಕಾಲದಲ್ಲಿ ನಡೆದುಹೋಗಿ ತಂದವು ಕೆಲವು. ನಾನು ನಿವೃತ್ತನಾದ ಎರಡನೆಯ ವರ್ಷ ಕಟ್ಟಡ ದುರಸ್ತಿಗೆಂದು ಕಪಾಟುಗಳನ್ನು ಜಗಲಿಗೆ ತಂದಿಟ್ಟರು. ಜುಲೈ ತಿಂಗಳು, ಎರಚಲು ಹೊಡೆಯಿತು. ನನಗೆ ತಿಳಿಯುವಷ್ಟರಲ್ಲಿ ಗುಜರಿಯವನಿಗೆ ತೂಕಕ್ಕೆ ಹಾಕಿ ಆಗಿತ್ತು. ನಾನು ಹೋಗಿ ಕಾಡಿ ಬೇಡಿ ಬಿಡಿಸಿಕೊಂಡದ್ದು ನಲವತ್ಮೂರು ಹಾಳೆ. ಹಾಗೆ ಮಾಡಿದವರು ಕೆಟ್ಟವರಲ್ಲ. ಒಣಗಿದ ಎಲೆಯನ್ನು ಇಟ್ಟುಕೊಂಡು ಯಾರಿಗೆ ಏನಾಗಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರೂ ಪತ್ರಿಕೆ ಓದುವವರೇ. ಹೊಸ ಪ್ರಭೇದ ಎಂದರೆ ದಟ್ಟ ಕಾಡಿನಲ್ಲಿ ಟಾರ್ಚು ಹಿಡಿದವನ ಎದುರು ಫಕ್ಕನೆ ಹಾರಿಬರುವುದು ಎಂದು ಇಷ್ಟು ವರ್ಷ ಓದಿಕೊಂಡು ಬಂದವರು. ಅದು ಧೂಳು ಹಿಡಿದ ಕಪಾಟಿನಲ್ಲಿ ಇರಬಹುದು ಎಂದು ಒಂದು ದಿನವೂ ಓದಿರಲಿಲ್ಲ. ನಾನು ಈ ಪತ್ರ ಬರೆಯಲು ನಿಜವಾದ ಕಾರಣ ಇದು.

ಕಾಡಿನ ಜನರ ವಿಷಯಕ್ಕೆ ಮರಳುತ್ತೇನೆ. ಪೆರುವಿನ ಪುಟುಮಾಯೊ ನದಿಯ ಕಡೆ ನೆಲದಡಿಯಲ್ಲಿ ವಾಸಿಸುವ ಒಂದು ಕಂದು ಕಪ್ಪೆಯಿದೆ. ನುಣುಪು ಮೈ, ಚಾಚಿದ ಮೂತಿ. ನೋಡಿದರೆ ಚಾಕೊಲೇಟಿನಲ್ಲಿ ಎರಕ ಹೊಯ್ದಂತೆ. ಅಲ್ಲಿನವರು ಅದನ್ನು ‘ರಾನಾ ದಾಂತಾ’ ಎನ್ನುತ್ತಾರೆ. ದಾಂತಾ ಎಂದರೆ ಟೇಪಿರ್, ಉದ್ದ ಮೂತಿಯ ಕಾಡುಪ್ರಾಣಿ. ಹೆಸರಿನಲ್ಲೇ ವಿವರಣೆ ಇದೆ. ವಿಜ್ಞಾನಿಗಳು ರಾತ್ರಿ ಹೊತ್ತು ಸ್ಥಳೀಯರ ಜೊತೆ ಜವುಗಿನಲ್ಲಿ ನಿಂತು, ನೆಲದೊಳಗಿಂದ ಬರುವ ಚಿಕ್ಕ ‘ಬೀಪ್’ ಸದ್ದಿಗೆ ಕಿವಿಗೊಟ್ಟು, ಸದ್ದು ಬಂದ ಕಡೆ ಮಣ್ಣು ಬಗೆದು ಅದನ್ನು ಹಿಡಿದರು. ಕೂಗು ನಿಲ್ಲುವುದರೊಳಗೆ ಜಾಗ ಅಂದಾಜಾಗಬೇಕು. 2022ರಲ್ಲಿ ಅದಕ್ಕೆ ಸಿನಾಪ್ಟುರಾನಸ್ ದಾಂತಾ ಎಂದು ಹೆಸರಿಟ್ಟರು. ಊರಿನವರ ಹೆಸರು ವೈಜ್ಞಾನಿಕ ಹೆಸರಿನಲ್ಲಿ ಉಳಿಯಿತು. ಕನ್ನಡಿಗರಿಗೆ ಇದರ ಬೆಲೆ ಗೊತ್ತಿರಬೇಕು: 2014ರಲ್ಲಿ ಉತ್ತರ ಕನ್ನಡದ ಕಾಡಿನ ಕಪ್ಪೆಯೊಂದು ಮೊಟ್ಟೆಗಳಿಗೆ ಕೆಸರು ಮೆತ್ತುವುದನ್ನು ಕಂಡು ಅದಕ್ಕೆ ‘ಕುಂಬಾರ’ ಎಂಬ ಕನ್ನಡದ ಪದವನ್ನೇ ಪ್ರಭೇದದ ಹೆಸರಾಗಿ ಇಟ್ಟರು.

ಸ್ಥಳೀಯರು ಹೇಳಿದ್ದೆಲ್ಲ ಹೊಸ ಪ್ರಭೇದವಾಗಿಬಿಡುತ್ತದೆ ಎಂದು ನಾನು ಹೇಳುವುದಿಲ್ಲ. 2013ರಲ್ಲಿ ಬ್ರೆಜಿಲಿನಿಂದ ಚಿಕ್ಕ ಕಪ್ಪು ಟೇಪಿರ್ ಒಂದನ್ನು ಹೊಸ ಪ್ರಭೇದವೆಂದು ವಿವರಿಸಿದರು. ಎರಡು ಬಗೆಯ ಟೇಪಿರ್ ಇವೆ ಎಂದು ಬೇಟೆಗಾರ ಸಮುದಾಯಗಳು ಹೇಳುತ್ತಿದ್ದದ್ದು ಅದಕ್ಕೊಂದು ಆಧಾರ. ಮರುವರ್ಷವೇ ಬೇರೆ ವಿಜ್ಞಾನಿಗಳು ಸಾಕ್ಷ್ಯ ಸಾಲದು ಎಂದು ತಕರಾರು ತೆಗೆದರು. ಇಂದು ಹೆಚ್ಚಿನವರು ಅದನ್ನು ಪ್ರತ್ಯೇಕ ಪ್ರಭೇದವೆಂದು ಒಪ್ಪುವುದಿಲ್ಲ. ಹೋಲೋಟೈಪ್ ಇಡುವುದು ಇದಕ್ಕೇ, ಯಾರೇ ಬಂದು ಪ್ರಶ್ನಿಸಬಹುದು. ನನ್ನ ಫೈಲಿನಲ್ಲಿ ಆ ಟೇಪಿರ್ ‘ಪತ್ತೆ’ಯಾದ ತುಣುಕು ಇದೆ. ತಕರಾರಿನ ತುಣುಕು ಇಲ್ಲ, ಏಕೆಂದರೆ ಯಾರೂ ಅಚ್ಚು ಮಾಡಲಿಲ್ಲ.

ಇನ್ನು ನಿಮ್ಮಲ್ಲಿ ನನ್ನ ಬೇಡಿಕೆ. ಸುದ್ದಿ ಉದ್ದ ಮಾಡಿ ಎಂದು ಕೇಳುತ್ತಿಲ್ಲ, ಜಾಗದ ಕಷ್ಟ ನನಗೂ ಗೊತ್ತು. ಆರು ಸಾಲಿನಲ್ಲಿ ಎರಡನ್ನು ಬದಲಿಸಿ. ಮೊದಲು ಕಂಡ ವರ್ಷ ಮತ್ತು ಹೆಸರಿಟ್ಟ ವರ್ಷ ಎರಡನ್ನೂ ಬರೆಯಿರಿ. ಮಾದರಿ ಯಾವ ಊರಿನ ಯಾವ ಸಂಗ್ರಹಾಲಯದಲ್ಲಿದೆ ಎಂದು ಬರೆಯಿರಿ, ಮೂಲ ಲೇಖನದಲ್ಲಿ ಅದು ಇದ್ದೇ ಇರುತ್ತದೆ. ಅಲ್ಲಿನ ಜನ ಅದನ್ನು ಏನೆನ್ನುತ್ತಾರೆ ಎಂದು ಗೊತ್ತಿದ್ದರೆ ಬರೆಯಿರಿ. ಹೆಸರಿನ್ನೂ ಬಿದ್ದಿಲ್ಲವಾದರೆ ‘ಹೆಸರಿಡುವ ಕೆಲಸ ಬಾಕಿಯಿದೆ’ ಎನ್ನಿ. ‘ಹೊಸ’ ಎನ್ನುವ ಮುಂಚೆ ‘ವಿಜ್ಞಾನಕ್ಕೆ’ ಎಂಬ ಒಂದು ಪದ ಸೇರಿಸಿ. ಆ ಹುಡುಗಿಯ ಪ್ರಶ್ನೆಗೆ ಅಷ್ಟರಿಂದಲೇ ಅರ್ಧ ಉತ್ತರ ಸಿಗುತ್ತದೆ.

ಒಂದನ್ನು ಮಾತ್ರ ಬರೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ: ನಿಖರವಾದ ಜಾಗ. ಮೊದಲು ಹೇಳಿದ ಆಲ್ಟೊ ಮಾಯೊ, ಮೊಯೊಬಂಬಾ ಪಟ್ಟಣದ ಕಡೆಯ ಬೆಟ್ಟಗಳಲ್ಲಿ ಅಂಗೈಯಷ್ಟಗಲದ ನೇರಳೆ ಹೂ ಬಿಡುವ ಆರ್ಕಿಡ್ ಒಂದು ಇಪ್ಪತ್ತಕ್ಕೂ ಹೆಚ್ಚು ವರ್ಷದ ಹಿಂದೆ ಹೊರಜಗತ್ತಿನ ಕಣ್ಣಿಗೆ ಬಿತ್ತು. ಅನುಮತಿಪತ್ರವಿಲ್ಲದೆ ಅದನ್ನು ಅಮೆರಿಕಕ್ಕೆ ಒಯ್ದವನ ಹೆಸರಿನಲ್ಲೇ 2002ರಲ್ಲಿ ಅದಕ್ಕೆ ನಾಮಕರಣವಾಯಿತು. ಅವನಿಗೆ ನ್ಯಾಯಾಲಯದಲ್ಲಿ ಶಿಕ್ಷೆಯೂ ಆಯಿತು. ಅಷ್ಟರಲ್ಲಿ ಗೊತ್ತಾದ ಜಾಗಗಳಿಂದ ಗಿಡಗಳನ್ನು ಬುಡಸಮೇತ ಕಿತ್ತು ಸಾಗಿಸಿಬಿಟ್ಟಿದ್ದರು. ಹೆಸರು ಸಿಕ್ಕಿದ್ದೇ ಅದಕ್ಕೆ ಮುಳುವಾಯಿತು.

2014 ಮತ್ತು 2015, ಈ ಎರಡೇ ವರ್ಷಗಳಲ್ಲಿ ಅಮೆಜಾನಿನಿಂದ 381 ಹೊಸ ಪ್ರಭೇದಗಳನ್ನು ವಿವರಿಸಲಾಯಿತು. ಎರಡು ದಿನಕ್ಕೊಂದರಂತೆ. ಅಲ್ಲಿ ಮರಗಳಲ್ಲೇ ಸುಮಾರು 16,000 ಪ್ರಭೇದಗಳಿರಬಹುದು ಎಂದು 2013ರ ಅಂದಾಜು. ಅವುಗಳಲ್ಲಿ ಸುಮಾರು 6,000 ಪ್ರಭೇದಗಳಿಗೆ ಇಡೀ ಕಾಡಿನಲ್ಲಿ ಸಾವಿರ ಮರಗಳೂ ಇಲ್ಲದಿರಬಹುದು. ಆದ್ದರಿಂದ ಇಂಥ ಸುದ್ದಿ ನಿಮ್ಮ ಮೇಜಿಗೆ ಬರುವುದು ನಿಲ್ಲುವುದಿಲ್ಲ. ಮುಂದಿನ ವಾರವೇ ಇನ್ನೊಂದು ಬರುತ್ತದೆ.

ಬಂದಾಗ, ಪುಟ ಕಟ್ಟುವ ಗಡಿಬಿಡಿಯಲ್ಲಿ ಹೆಸರಿನ ಉಚ್ಚಾರಣೆಯೋ, ಹೋಲೋಟೈಪ್ ಎಲ್ಲಿದೆ ಎಂಬುದೋ ಗೊತ್ತಾಗದಿದ್ದರೆ ನಿಮ್ಮೂರಿನ ಕಾಲೇಜಿನ ಜೀವಶಾಸ್ತ್ರದ ಅಧ್ಯಾಪಕರಿಗೆ ಫೋನ್ ಮಾಡಿ. ಕೆಲಸದಲ್ಲಿರುವವರು ಸಿಗದಿದ್ದರೆ ನಿವೃತ್ತರನ್ನು ಹುಡುಕಿ. ರಾತ್ರಿ ಹನ್ನೊಂದಾದರೂ ಅಡ್ಡಿಯಿಲ್ಲ, ನಮಗೆ ನಿದ್ದೆ ಬರುವುದು ತಡವಾಗಿ. ನಾನು ಉಳಿಸಿಕೊಂಡ ನಲವತ್ಮೂರು ಹಾಳೆಗಳಲ್ಲಿ ಒಂದರ ಚೀಟಿಯ ಮೇಲೆ ಹೆಸರಿನ ಜಾಗ ಇನ್ನೂ ಖಾಲಿಯಿದೆ. ಅದನ್ನು ತೆಗೆದುಕೊಂಡು ಮುಂದಿನ ತಿಂಗಳು ದೊಡ್ಡ ಹರ್ಬೇರಿಯಂ ಒಂದಕ್ಕೆ ಹೋಗಿ ಹೋಲಿಸಿ ನೋಡಬೇಕೆಂದಿದ್ದೇನೆ.

ಇಂತಿ ನಿಮ್ಮ ಓದುಗ,
ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕ